ಶತ್ರುವಿನ ಮೊಹರು

ಶನಿವಾರ ಬೆಳಿಗ್ಗೆ ಸೊಲಾಂಜ್ ಮಿಶೋ ಊರ ಕಸದ ಯಾರ್ಡಿಗೆ ಬಂದಾಗ ಅವಳ ಜಾಗದಲ್ಲಿ ಬೇರೊಬ್ಬ ನಿಂತಿದ್ದ.

ಆ ಊರಲ್ಲಿ ಮನೆಮನೆಗೆ ಕಸದ ಗಾಡಿ ಬರುವುದಿಲ್ಲ. ವಾರಕ್ಕೊಮ್ಮೆ ಎಲ್ಲರೂ ಪಿಕಪ್‌ನಲ್ಲಿ ಕಸ ತುಂಬಿಕೊಂಡು ಬಂದು ತಾವೇ ಸುರಿಯುತ್ತಾರೆ, ಸುರಿದ ಮೇಲೆ ಅರ್ಧ ಗಂಟೆ ಹರಟುತ್ತಾರೆ. ಯಾರ ಮದುವೆ ನಿಂತಿತು, ಯಾರು ಆಸ್ಪತ್ರೆ ಸೇರಿದರು ಎಂಬುದೆಲ್ಲ ಮೊದಲು ಗೊತ್ತಾಗುವುದು ಅಲ್ಲೇ. ಗವರ್ನರ್ ಹುದ್ದೆಗೆ ನಿಲ್ಲಬೇಕೆನ್ನುವವರು ಅದಕ್ಕೆ ಬೇಕಾದ ಮತದಾರರ ಸಹಿ ಕೇಳುವುದೂ ಅಲ್ಲೇ. ರಾಜ್ಯದ ಸೆನೆಟರ್ ಸೊಲಾಂಜ್ ಬಂದದ್ದೂ ಅದಕ್ಕೇ.

ನಿಂತಿದ್ದವನು ಎಮರಿ ಹ್ಯಾಸ್ಕೆಲ್. ಕರಾವಳಿಯ ಬಂದರು ಪಟ್ಟಣದ ಮೇಯರ್, ವಕೀಲ, ನಲವತ್ತೈದರ ಆಸುಪಾಸು. ಕಾರಿನ ಬಾನೆಟ್ ಮೇಲೆ ಡೋನಟ್ ಪೆಟ್ಟಿಗೆ ತೆರೆದಿಟ್ಟುಕೊಂಡು, ಮದುವೆಗೆ ಬಂದವನಂತೆ ಎಲ್ಲರಿಗೂ ಕೈ ಕುಲುಕುತ್ತಿದ್ದ.

"ಸೆನೆಟರ್! ಒಂದು ಡೋನಟ್ ತಗೊಳ್ಳಿ."

"ದಾರಿ ತಪ್ಪಿತಾ ಮೇಯರ್ ಸಾಹೇಬ್ರೇ? ಸಮುದ್ರ ಆ ಕಡೆ. ಐದು ಗಂಟೆ ದಾರಿ."

"ಗೊತ್ತು. ಬೆಳಗಿನ ಜಾವವೇ ಹೊರಟೆ."

"ಇಲ್ಲಿ ನಿಮಗೆ ಸಹಿ ಹಾಕೋರು ಯಾರಿದಾರೆ?"

"ಈಗಾಗ್ಲೇ ಮೂವತ್ತೊಂದು ಜನ ಹಾಕಿದಾರೆ."

ಸೊಲಾಂಜ್‌ಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಮತದಾರ ಗವರ್ನರ್ ಹುದ್ದೆಗೆ ಒಬ್ಬರ ಹಾಳೆಗೆ ಮಾತ್ರ ಸಹಿ ಹಾಕಬಹುದು. ಅಂದರೆ ಮೂವತ್ತೊಂದೂ ಅವಳ ಮನೆಯಂಗಳದಿಂದ ಹಾಡಹಗಲೇ ಕದ್ದ ಸಹಿಗಳು.

"ಸರಿಯಾದ ಜಾಗಕ್ಕೇ ಬಂದಿದೀರಿ ಬಿಡಿ," ಎಂದಳು. "ಯಾವ ತೊಟ್ಟಿಗೆ ಹಾಕ್ಲಿ ನಿಮ್ಮನ್ನ?"

"ಮತ್ತೆ ಬಳಸೋ ತೊಟ್ಟಿಗೆ," ಎಂದು ಅವನು ನಕ್ಕ. "ನನ್ನ ಮಾಜಿ ಹೆಂಡ್ತಿ ಮಾತ್ರ ಬೇರೆ ತೊಟ್ಟಿ ಹೇಳ್ತಿದ್ಲು."

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಕಿರಿದಾಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಸೊಲಾಂಜ್‌ಗೆ ತನ್ನ ಮೇಲೇ ಸಿಟ್ಟು ಬಂತು. ಎದುರು ಬದಿಗೆ ಹೋಗಿ, ಗಾಜಿನ ಬಾಟಲಿಗಳ ತೊಟ್ಟಿಯ ಪಕ್ಕ ನಿಂತು, ಮಧ್ಯಾಹ್ನದ ತನಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೆರಡು ಸಲ ಮಾತ್ರ ನೋಡಿದಳು.

ಗವರ್ನರ್ ಡ್ವೈಟ್ ಕಾರ್ವರ್‌ನನ್ನು ಎದುರಿಸುವುದು ಹುಚ್ಚುತನವೆಂದು ರಾಜ್ಯಕ್ಕೆಲ್ಲ ಗೊತ್ತಿತ್ತು. ನೂರರಲ್ಲಿ ಅರವತ್ತೆಂಟು ಜನ ಅವನನ್ನು ಮೆಚ್ಚುತ್ತಿದ್ದರು. ಪಕ್ಕದ ಮನೆಯ ಮುದುಕಿಯ ಅಂಗಳದ ಹಿಮವನ್ನು ತಾನೇ ಸಲಿಕೆ ಹಿಡಿದು ಎತ್ತುತ್ತಿದ್ದ. ಎತ್ತುವಾಗಲೆಲ್ಲ ಅಲ್ಲೊಬ್ಬ ಫೋಟೋಗ್ರಾಫರ್ ಅದು ಹೇಗೋ ಇರುತ್ತಿದ್ದ. ಕಳೆದ ಶರತ್ಕಾಲದಲ್ಲಿ ಪತ್ರಿಕೆಯೊಂದು ಅವನಿಗೆ ಎದುರಾಳಿಗಳಾಗಬಹುದಾದ ಏಳು ಜನರ ಪಟ್ಟಿ ಹಾಕಿತು. ಪಟ್ಟಿ ಬಂದ ಮೇಲೆ ಒಬ್ಬನಿಗೆ ಎದೆನೋವು ನೆನಪಾಯಿತು, ಒಬ್ಬಳಿಗೆ ಮೊಮ್ಮಕ್ಕಳು ನೆನಪಾದರು. ಕ್ರಿಸ್ಮಸ್ ಹೊತ್ತಿಗೆ ಐದು ಜನ ಜಾರಿಕೊಂಡಿದ್ದರು. ಉಳಿದವರು ಇವರಿಬ್ಬರೇ. ಒಂದೇ ಪಕ್ಷದವರು, ಕಾರ್ವರ್‌ನ ವಿರೋಧ ಪಕ್ಷದವರು. ಜೂನ್ ಒಂಬತ್ತರ ಒಳಚುನಾವಣೆಯಲ್ಲಿ ಅವನ ಎದುರು ನಿಲ್ಲಲು ಇಬ್ಬರಲ್ಲಿ ಒಬ್ಬರನ್ನು ಪಕ್ಷದ ಮತದಾರರು ಆರಿಸಬೇಕಿತ್ತು.

ಸೊಲಾಂಜ್‌ಗೆ ಜಾರಿಕೊಳ್ಳುವ ಹಾಗಿರಲಿಲ್ಲ. ನದಿಯಾಚೆ ಕೆನಡಾ ಕಾಣುವ ಆ ಆಲೂಗಡ್ಡೆ ಕಣಿವೆಯಲ್ಲಿದ್ದ ಒಂದೇ ಒಂದು ಹೆರಿಗೆ ವಾರ್ಡನ್ನು ಕಾರ್ವರ್ ಎರಡು ಚಳಿಗಾಲದ ಹಿಂದೆ ನಗುನಗುತ್ತಲೇ ಮುಚ್ಚಿಸಿದ್ದ. ಆಮೇಲೆ ಅವಳ ತಂಗಿ ಮಗಳು ಮಗುವನ್ನು ಹೆತ್ತದ್ದು ಹಿಮ ತಳ್ಳುವ ಲಾರಿಯ ಮುಂದಿನ ಸೀಟಿನಲ್ಲಿ, ಹೆದ್ದಾರಿ ಮಧ್ಯೆ. ಗವರ್ನರ್ ಆ ಮಗುವಿಗೊಂದು ಕರಡಿ ಗೊಂಬೆ ಕಳಿಸಿದ. ಎಂಥ ಒಳ್ಳೇ ಮನುಷ್ಯ ಎಂದು ಊರೇ ಹೊಗಳಿತು. ಒಳ್ಳೆಯವನೆಂಬ ಹೆಸರೊಂದಿದ್ದರೆ ಏನು ಮಾಡಿದರೂ ನಡೆಯುತ್ತದೆ. ಆ ಗೊಂಬೆ ಈಗಲೂ ಸೊಲಾಂಜ್‌ಳ ಕಚೇರಿಯಲ್ಲಿ ಕೂತಿದೆ, ಮುಖ ಗೋಡೆ ಕಡೆಗೆ.

ಇಂಥವಳನ್ನು ಎಮರಿ ರೇಡಿಯೋದಲ್ಲಿ, "ಸೆನೆಟರ್ ಒಳ್ಳೆಯವರೇ, ಆದ್ರೆ ಅವರ ಕಣಿವೆ ದಾಟಿದ್ರೆ ಯಾರಿಗೂ ಗೊತ್ತಿಲ್ಲ," ಎಂದಿದ್ದ. "ಮೇಯರ್ ಎಲ್ಲರಿಗೂ ಗೊತ್ತು," ಎಂದು ಅವಳು ತಿರುಗಿಸಿದ್ದಳು, "ತೊಂದರೆ ಇರೋದೇ ಅಲ್ಲಿ."

ಡೋನಟ್ ಪ್ರಕರಣಕ್ಕೆ ಸೇಡು ಬೇಡವೇ? ಮುಂದಿನ ಶನಿವಾರ ಸೊಲಾಂಜ್ ಐದು ಗಂಟೆ ಕಾರು ಓಡಿಸಿ ಅವನ ಬಂದರಿನ ಕಸದ ಯಾರ್ಡಿನಲ್ಲೇ ಹೋಗಿ ನಿಂತಳು. ಸಮುದ್ರದ ಗಾಳಿ ಮೂಳೆಗೇ ಇಳಿಯುತ್ತಿತ್ತು. ಇಪ್ಪತ್ತು ಸಹಿ ಆಗುವಷ್ಟರಲ್ಲಿ ಅವಳ ಪೆನ್ನಿನ ಶಾಯಿ ಹೆಪ್ಪುಗಟ್ಟಿತು. ಪೆನ್ಸಿಲ್ ಸಹಿ ನಡೆಯುವುದಿಲ್ಲ. ಮೀನುಗಾರನೊಬ್ಬ ಹಾಳೆ ಹಿಡಿದು ಕಾಯುತ್ತಿದ್ದ.

ಪಕ್ಕದಿಂದ ಒಂದು ಕೈ ಪೆನ್ನು ಚಾಚಿತು.

"ಕೋಟಿನ ಒಳಜೇಬಲ್ಲಿ ಇಟ್ಕೋಬೇಕು ಸೆನೆಟರ್. ನಿಮ್ಮ ಕಡೆ ಚಳಿ ಇಲ್ವಾ?"

"ನಮ್ಮ ಕಡೆ ಚಳಿಗೆ ಉಪ್ಪು ಬೆರೆಸಲ್ಲ." ಪೆನ್ನು ಕಸಿದುಕೊಂಡಳು. ಅದು ಅವನ ಎದೆಯ ಶಾಖಕ್ಕೆ ಬೆಚ್ಚಗಿತ್ತು. "ನಿಮ್ಮ ಪೆನ್ನಲ್ಲಿ ನನಗೆ ಸಹಿ ಬೀಳೋದು ನಿಮಗೆ ಸರಿ ಬರುತ್ತಾ?"

"ಸರಿ ಬರಲ್ಲ. ಆದ್ರೆ ನೀವು ಪೆನ್ನು ಊದ್ತಾ ನಿಂತಿರೋದನ್ನ ನೋಡೋಕಾಗ್ಲಿಲ್ಲ."

ಅವಳು ಪೆನ್ನನ್ನು ಮೀನುಗಾರನ ಕೈಗಿಟ್ಟಳು. ಸಂಜೆ ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಮಾತಿಗೆ ಒಂದಲ್ಲ ಎರಡಲ್ಲ, ಹತ್ತು ಉತ್ತರ ಹೊಳೆದವು. ಒಂದೂ ಬೈಗುಳ ಆಗಿರಲಿಲ್ಲ. ಅದು ಅವಳನ್ನು ಹೆದರಿಸಿತು.

ಮಾರ್ಚ್ ತಿಂಗಳ ಎರಡನೇ ಶುಕ್ರವಾರ ಮಧ್ಯಾಹ್ನ ಎಮರಿ ಅವಳ ಮನೆ ಬಾಗಿಲು ತಟ್ಟಿದ. ಸೋಮವಾರ ಸಂಜೆಯೊಳಗೆ ಎರಡು ಸಾವಿರ ಸಹಿಗಳು ರಾಜಧಾನಿ ತಲುಪಬೇಕಿತ್ತು. ಸೊಲಾಂಜ್ ಬಳಿ ಎರಡು ಸಾವಿರದ ಮುನ್ನೂರಿದ್ದವು.

"ಒಳಗೆ ಬರ್ಬಹುದಾ?"

"ಬಾಗಿಲಲ್ಲೇ ಹೇಳಿ."

"ನಿಮ್ಮ ಆರುನೂರ ನಲವತ್ತು ಸಹಿ ಬಿದ್ದುಹೋಗುತ್ತೆ."

ಅವಳು ಬಾಗಿಲು ಬಿಟ್ಟಳು. ಅವನು ಬೂಟಿನ ಹಿಮ ಒದರಿ ಅಡುಗೆಮನೆಯ ಮೇಜಿನ ಬಳಿ ನಿಂತ.

"ಮೊನ್ನೆ ನಿಮ್ಮೂರ ಕಚೇರಿಗೆ ನನ್ನ ಹಾಳೆ ಪರಿಶೀಲನೆಗೆ ಕೊಡೋಕೆ ಹೋಗಿದ್ದೆ. ನಿಮ್ಮದೂ ಅಲ್ಲೇ ಇತ್ತು. ನಿಮ್ಮ ಹಾಳೆಗೆ ಮೊಹರು ಹಾಕಿರೋ ಒನೆಸಿಮ್ ಅನ್ನೋರು ಯಾರು?"

"ನೋಟರಿ. ಒನೆಸಿಮ್ ಚಿಕ್ಕಪ್ಪ, ನಮ್ಮ ಚಿಕ್ಕಮ್ಮನ..." ಅಲ್ಲಿಗೆ ಅವಳ ಮಾತು ನಿಂತಿತು.

ಸಹಿಗಳೆಲ್ಲ ತಮ್ಮ ಕಣ್ಣೆದುರೇ ಬಿದ್ದವೆಂದು ಸಂಗ್ರಹಿಸಿದವರು ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಆ ನೋಟರಿ ನೆಂಟನಾಗಿರಬಾರದು. ಹಾಗೊಂದು ಕಾನೂನು ಬಂದಿತ್ತು.

"ಎರಡು ವರ್ಷದ ಹಿಂದೆ ಸೆನೆಟ್‌ನಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ನೀವೂ ಒಬ್ರು," ಎಂದ ಎಮರಿ ಮೆಲ್ಲಗೆ.

ಸೊಲಾಂಜ್ ಕುರ್ಚಿಗೆ ಕುಸಿದಳು. "ಅಲ್ರೀ, ಈ ಕಣಿವೆಯಲ್ಲಿ ನೆಂಟರಲ್ಲದ ನೋಟರಿ ಎಲ್ಲಿಂದ ತರ್ಲಿ? ಕೆನಡಾಕ್ಕೆ ಹೋದ್ರೆ ಅಲ್ಲೂ ನಮ್ಮ ನೆಂಟ್ರೇ!" ಆಮೇಲೆ ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು. "ನೀವ್ಯಾಕೆ ಹೇಳ್ತಿದೀರಿ ಇದನ್ನ? ಸೋಮವಾರ ಕಳೆದ್ಮೇಲೆ ತಕರಾರು ಹಾಕಿದ್ರೆ ನನ್ನ ಕಥೆ ಮುಗೀತಿತ್ತು."

"ನಮ್ಮ ತಂಡದವರೂ ಅದನ್ನೇ ಹೇಳಿದ್ರು."

"ಮತ್ತೆ? ಏನು ಕುತಂತ್ರ ಇದು?"

"ನಿಮ್ಮನ್ನ ಸೋಲಿಸ್ಬೇಕು ಅಂತಿದೀನಿ ಸೆನೆಟರ್. ಬಾಗಿಲಾಚೆ ನಿಲ್ಲಿಸ್ಬೇಕು ಅಂತಲ್ಲ."

ಸಹಿಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ ಕೊಡಬೇಕಾದ ಊರ ಕಚೇರಿ ನಾಲ್ಕಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಮಂಗಳವಾರ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಈಗ ಎರಡು ಗಂಟೆ. ಎಮರಿ ಕೋಟಿನಿಂದ ಒಂದು ಮೊಹರು ತೆಗೆದು ಮೇಜಿನ ಮೇಲಿಟ್ಟ.

"ನಾನೂ ನೋಟರಿ. ಕಾನೂನು ನೆಂಟ್ರು ಬೇಡ ಅನ್ನುತ್ತೆ, ಕೆಲಸದವರು ಬೇಡ ಅನ್ನುತ್ತೆ. ಶತ್ರು ಬೇಡ ಅಂತ ಎಲ್ಲೂ ಇಲ್ಲ."

ಸೊಲಾಂಜ್‌ಗೆ ನಗು ಬಂದೇಬಿಟ್ಟಿತು. ಕಚೇರಿಗೆ ಓಡಿಹೋಗಿ ನಲವತ್ತೆರಡು ಹಾಳೆಗಳನ್ನು ವಾಪಸು ತಂದಳು. ಹೊಸ ಪ್ರಮಾಣಪತ್ರ ಮೇಜಿನ ಮೇಲೆ ಬಂತು. ಅವಳು ಎದ್ದು ನಿಂತು ಬಲಗೈ ಎತ್ತಿದಳು.

ಅವನು ಒಂದೊಂದೇ ಸಾಲು ಓದಿದ, ಅವಳು ಹೇಳುತ್ತ ಹೋದಳು. ಹೇಳುವಾಗ ಅವನ ಕಣ್ಣನ್ನೇ ನೋಡಬೇಕಾಯಿತು. ಬೂದುಬಣ್ಣದ ಕಣ್ಣು, ರೆಪ್ಪೆಯಂಚಿನಲ್ಲಿ ಕರಗಿದ ಹಿಮದ ತೇವ. ಇಷ್ಟು ಹೊತ್ತು ಇಷ್ಟು ಹತ್ತಿರದಿಂದ ಅವಳು ಯಾರನ್ನಾದರೂ ನೋಡಿ ವರ್ಷಗಳಾಗಿದ್ದವು.

ಈಗ ನೋಟರಿಯ ಸರದಿ. ಅವನು ತನ್ನ ಸಾಲುಗಳನ್ನು ಗಟ್ಟಿಯಾಗಿ ಓದಿದ. "ಈ ವ್ಯಕ್ತಿಯೊಂದಿಗೆ ನನಗೆ ರಕ್ತಸಂಬಂಧವಾಗಲಿ ವಿವಾಹಸಂಬಂಧವಾಗಲಿ ಇಲ್ಲ. ಈಕೆಯ ಒಳಿತಿನಲ್ಲಿ ನನಗೆ ಯಾವುದೇ ಆಸಕ್ತಿ..."

ಪೆನ್ನು ನಿಂತಿತು.

"ಸಹಿ ಹಾಕಿ," ಎಂದಳು ಸೊಲಾಂಜ್.

"ಆಗಲ್ಲ."

"ಏನಾಗಲ್ಲ?"

"ಕೊನೇ ಸಾಲು. ಹಾಕಿದ್ರೆ ಸುಳ್ಳು ಪ್ರಮಾಣ ಆಗುತ್ತೆ."

ಅರ್ಥವಾಗಲು ಅವಳಿಗೆ ಮೂರು ಉಸಿರು ಬೇಕಾಯಿತು. ಅರ್ಥವಾದ ಮೇಲೆ ಸಂತೋಷವಾಗಲಿಲ್ಲ, ಕೋಪ ನೆತ್ತಿಗೇರಿತು.

"ಐದು ಗಂಟೆ ಕಾರು ಓಡಿಸ್ಕೊಂಡು ಬಂದು, ನನ್ನ ಕೈ ಎತ್ತಿಸಿ, ಈಗ ಹೇಳ್ತೀಯಾ ಇದನ್ನ? ಈಗ?"

"ಹಾಕ್ಬಹುದು ಅಂದ್ಕೊಂಡೇ ಬಂದೆ. ದಾರಿಯೆಲ್ಲ ನೀವು ನನಗೆ ಏನೂ ಅಲ್ಲ ಅಂತ ಹೇಳ್ಕೊಂಡೇ ಬಂದೆ. ನೀವು ಹಾಗೆ ಕೈ ಎತ್ತಿ ನಿಂತಾಗ ಆಗ್ಲಿಲ್ಲ." ಅವನ ಕಿವಿಗಳು ಕೆಂಪಾಗಿದ್ದವು. "ನಾನು ಹಿಂದೆ ಸರೀತೀನಿ. ನನಗೆ ಸಹಿ ಹಾಕಿದವರೆಲ್ಲ ನಿಮಗೆ..."

"ಸರಿದ್ರೆ ನಿನ್ನ ಮುಖ ನೋಡಲ್ಲ!" ಅವಳು ಮೇಜು ಗುದ್ದಿದಳು. "ಐದು ಜನ ಓಡಿಹೋಗಿದ್ದು ಸಾಲ್ದಾ? ನೀನೂ ಓಡಿದ್ರೆ ಕಾರ್ವರ್ ಮಂಚದ ಮೇಲೆ ಮಲಗಿಕೊಂಡೇ ಗೆಲ್ತಾನೆ. ನೀನು ಬಿಟ್ಟುಕೊಟ್ಟ ಜಾಗ ನನಗೆ ಬೇಡ. ಬೇಕಾದ್ರೆ ಕಿತ್ಕೋತೀನಿ."

ಎರಡು ಗಂಟೆ ನಲವತ್ತು. ಅವಳು ಹಾಳೆಗಳನ್ನು ಬಾಚಿ ಚೀಲಕ್ಕೆ ತುಂಬಿ ಹೊರಗೋಡಿದಳು. ನೆಂಟನಲ್ಲದ ನೋಟರಿ ಊರಲ್ಲಿ ಇನ್ನೊಬ್ಬನಿದ್ದ. ಅವನ ಹೆಸರು ಬಾಯಿಗೆ ಬಂದರೇ ಅವಳಿಗೆ ಕಹಿ.

ಪರ್ಲಿ ಹಚಿನ್ಸ್. ಹಿಮದ ಮೇಲೆ ಓಡಿಸುವ ಬೈಕುಗಳ ಅಂಗಡಿಯವನು, ಗವರ್ನರ್ ಕಾರ್ವರ್‌ನ ಪಕ್ಷದ ಜಿಲ್ಲಾಧ್ಯಕ್ಷ. ಅಂಗಡಿಯ ಗಾಜಿಗೆಲ್ಲ ಕಾರ್ವರ್‌ನ ನಗುಮುಖ ಅಂಟಿಸಿದ್ದ. ಸೊಲಾಂಜ್ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ಏರಿಸಿಕೊಂಡು, ಪ್ರಮಾಣಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದ.

"ಮೂವತ್ತೆರಡು ವರ್ಷದಿಂದ ಈ ಊರಲ್ಲಿದೀನಿ," ಎಂದ. "ಇನ್ನೂ ನನ್ನ ಹೊರಗಿನವನು ಅಂತೀರಿ. ಒಂದು ಮದುವೆಗೂ ನೆಂಟ ಅಂತ ಕರೀಲಿಲ್ಲ. ಇವತ್ತು ಅದೇ ಬೇಕಾಯ್ತು, ಅಲ್ವಾ?"

"ತಪ್ಪಾಯ್ತು ಪರ್ಲಿ. ಹಾಕ್ತೀರೋ ಇಲ್ವೋ?"

"ಈಕೆಯ ಒಳಿತಿನಲ್ಲಿ ಆಸಕ್ತಿ." ಅವನು ಓದಿಕೊಂಡು ಗೊರಗೊರ ನಕ್ಕ. "ಎಳ್ಳಷ್ಟೂ ಇಲ್ಲ. ಕೈ ಎತ್ತಮ್ಮಾ."

ಅವಳು ಪ್ರಮಾಣ ಮಾಡಿದಳು. ಅವನು ಒಂದೊಂದೇ ಹಾಳೆಗೆ ಮೊಹರು ಒತ್ತುತ್ತ ಹೋದ. ಕಡೆಯ ಹಾಳೆಗೆ ಬಂದಾಗ ತಲೆ ಎತ್ತದೆ ಹೇಳಿದ, "ನನ್ನ ಮಗಳ ಹೆರಿಗೆಗೆ ಏಪ್ರಿಲ್ ಕೊನೆಗೆ ದಿನ ಕೊಟ್ಟಿದಾರೆ. ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ಡ್ವೈಟ್ ಗೆಲ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ಯಾರಾದ್ರೂ ಅವನನ್ನ ಎದುರಿಗೆ ನಿಂತು ಕೇಳಲಿ."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹಾಳೆಗಳು ಊರ ಕಚೇರಿ ಸೇರಿದವು. ಹೆಸರುಗಳನ್ನು ಆಗಲೇ ತಾಳೆ ನೋಡಿ ಮುಗಿಸಿದ್ದ ಗುಮಾಸ್ತೆ ಗೊಣಗುತ್ತಲೇ ಹೊಸ ಮೊಹರುಗಳನ್ನಷ್ಟೇ ಪರಿಶೀಲಿಸಿ ಕೊಟ್ಟಳು.

ಸೊಲಾಂಜ್ ಹೊರಗೆ ಬಂದಾಗ ಎಮರಿ ಮೆಟ್ಟಿಲ ಕೆಳಗೆ, ಆಳೆತ್ತರದ ಹಿಮದ ರಾಶಿಯ ಪಕ್ಕ ಕಾಯುತ್ತಿದ್ದ. ಟೋಪಿ ಕೈಯಲ್ಲಿತ್ತು.

"ಆಯ್ತಾ?"

"ಆಯ್ತು. ನಿನ್ನಿಂದಲ್ಲ."

"ಬೈಯಿ. ಬೈಸ್ಕೊಳ್ಳೋಕೇ ನಿಂತಿದೀನಿ."

"ಬೈತೀನಿ. ನಿನ್ನ ಮೇಲೆ ಎಷ್ಟು ಸಿಟ್ಟಿದೆ ಗೊತ್ತಾ? ಒಂದು ಸಹಿ ಹಾಕೋ ಧೈರ್ಯ ಇಲ್ದೋನು ರಾಜ್ಯ ಆಳ್ತಾನಂತೆ!" ಅವಳು ಎರಡು ಮೆಟ್ಟಿಲು ಇಳಿದಳು. ಈಗ ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು. "ನನ್ನ ಮೇಲೂ ಅಷ್ಟೇ ಸಿಟ್ಟಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಆ ಸಾಲಿಗೆ ಸಹಿ ಹಾಕ್ತಿರ್ಲಿಲ್ಲ."

ಅವನು ಮುಂದೆ ಬಂದ. ಅವಳು ಅಂಗೈ ಅವನ ಎದೆಗೊತ್ತಿ ಅಲ್ಲೇ ತಡೆದಳು. ಕೈ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

"ಬೇಡ. ಈಗ ಜೊತೆಗೆ ನಿಂತ್ರೆ ಇಬ್ರೂ ಒಳಗೊಳಗೇ ಮಾತಾಡ್ಕೊಂಡಿದಾರೆ ಅಂತಾರೆ. ಆ ವಾರ್ಡಿನ ಮಾತು ಅಲ್ಲಿಗೇ ಸತ್ತುಹೋಗುತ್ತೆ. ಜೂನ್ ಒಂಬತ್ತರ ತನಕ ನೀನು ನನ್ನ ಶತ್ರು. ನಾಳೆಯಿಂದ ರೇಡಿಯೋದಲ್ಲಿ ನಿನ್ನ ಚರ್ಮ ಸುಲೀತೀನಿ."

"ನಾನೂ ಸುಮ್ನಿರಲ್ಲ."

"ಸುಮ್ನಿದ್ರೆ ಕೊಂದುಹಾಕ್ತೀನಿ."

"ಆಮೇಲೆ?"

"ಹತ್ತನೇ ತಾರೀಕು ಬೆಳಿಗ್ಗೆ ನನ್ನ ಮನೆಗೆ ತಿಂಡಿಗೆ ಬಾ."

"ಸೋತು ಬರ್ಲಾ, ಗೆದ್ದು ಬರ್ಲಾ?"

ಸೊಲಾಂಜ್ ಆಗ ಕೈ ತೆಗೆದಳು. ಚೀಲ ಹೆಗಲಿಗೇರಿಸಿ ಕಾರಿನ ಕಡೆ ನಡೆಯುತ್ತ, ತಿರುಗಿ ನೋಡದೆ ಹೇಳಿದಳು.

"ಹಸಿದ್ಕೊಂಡು ಬಾ."