ಅಂಚು ಕತ್ತರಿಸಿದ ಚಿತ್ರಕಥೆ

“ಏ, ಮುಟ್ಟಬ್ಯಾಡ! ದೂರ ಸರಿ!”

ಹೊನ್ನವ್ವ ಬೆಚ್ಚಿಬಿದ್ದಳು. ಅವಳ ಎರಡೂ ಕೈಗೆ ಮೈದಾ ಅಂಟು ಮೆತ್ತಿತ್ತು. ಕಟ್ಟೆಯ ಮೇಲೆ ಯಾರೋ ಇಟ್ಟಿದ್ದ ಬಣ್ಣದ ಪುಸ್ತಕ ಗಾಳಿಗೆ ಹಾರೀತೆಂದು ಹಿಡಿಯಲು ಹೋಗಿದ್ದಳು, ಅಷ್ಟೇ. ಅಷ್ಟಕ್ಕೇ ಬಾಗಿಲಲ್ಲಿ ನಿಂತಿದ್ದ ಆ ಪುಣ್ಯಾತ್ಮ ಮನೆಗೆ ಬೆಂಕಿ ಬಿದ್ದವನಂತೆ ಕೂಗಿಬಿಟ್ಟ!

‘ಯಾರಿಂವ? ನಮ್ಮ ಅಂಗಡಿಗೆ ಬಂದು ನನಗ ಗದರಸ್ತಾನಲ್ಲ!’

“ನಾ ಏನ್ ಕದಿಯಾಕ ಬಂದಿಲ್ರಿ. ಹಾರಿ ಹೊಂಟಿತ್ತು, ಹಿಡಿಯಾಕ ಬಂದೆ. ಬ್ಯಾಡಂದ್ರ ಬಿಡ್ರಿ, ಗಟಾರಕ್ಕ ಬೀಳಲಿ!” ಎಂದು ಹೊನ್ನವ್ವ ಮುಖ ತಿರುವಿದಳು.

ಅವನ ಮುಖ ಪೆಚ್ಚಾಯಿತು.

“ತಪ್ಪಾತ್ರಿ... ನಿಮ್ಮ ಕೈಯಾಗಿನ ಅಂಟು ಕಂಡು ಜೀವ ಬಾಯಿಗೆ ಬಂತು. ಸಿಟ್ಟಾಗಬ್ಯಾಡ್ರಿ.”

ಅವನು ಹಾಗೆ ಸೋತು ಹೇಳಿದ್ದಕ್ಕೆ ಹೊನ್ನವ್ವನಿಗೆ ನಗು ಬಂತು. ನಕ್ಕರೆ ಸದರ ಆದೀತೆಂದು ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ರೋಣ ಇನ್ನೂ ಮುಂಬೈ ಸರಕಾರದ ಕೆಳಗೇ ಇತ್ತು. ಪ್ಯಾಟಿಯ ಸಾವಕಾರರು ದೀಪಾವಳಿ ಪಾಡ್ಯಕ್ಕೆ ಪೂಜೆಗಿಡುವ ಹೊಸ ಲೆಕ್ಕದ ಪುಸ್ತಕಗಳನ್ನೆಲ್ಲ ಹೊಲಿದು ಕಟ್ಟುತ್ತಿದ್ದವನು ಹೊನ್ನವ್ವನ ಅಪ್ಪ ಪ್ರಭುಲಿಂಗಪ್ಪ. ತಾಯಿ ಇಲ್ಲದ ಮಗಳು ಅಂಟು ಕುದಿಸುವುದರಿಂದ ಹಿಡಿದು ಅಂಚು ಕತ್ತರಿಸುವವರೆಗೆ ಎಲ್ಲ ಕಲಿತಿದ್ದಳು. ಅವಳ ಕೈಯಿಂದ ಎಷ್ಟೋ ಪುಸ್ತಕ ಹಾದು ಹೋಗಿದ್ದವು. ಅವುಗಳಲ್ಲಿ ಒಂದನ್ನೂ ಓದಲು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಸಾಲಿಗೆ ಯಾರು ಕಳಿಸಿದ್ದರು!

ಕೂಗಿದವನು ಹತ್ತಿ ವ್ಯಾಪಾರಿ ಅಂದಾನೆಪ್ಪನವರ ಮಗ ಈಶಪ್ಪ. ಅವನಿಗೊಂದು ಹುಚ್ಚು. ಯುದ್ಧದ ಕಾಲದಲ್ಲಿ ಗೋರಾ ಸೋಲ್ಜರುಗಳು ಓದಿ ಎಸೆದ ಇಂಗ್ಲಿಷ್ ಚಿತ್ರಕಥೆ ಪುಸ್ತಕಗಳನ್ನು ಹುಬ್ಬಳ್ಳಿಯ ರದ್ದಿ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದ. ಮನೆಯವರು ಹತ್ತಿಯ ದರ್ಜೆ ಕಟ್ಟುವ ಹಾಗೆಯೇ ಇವನು ಪುಸ್ತಕದ ದರ್ಜೆ ಕಟ್ಟುತ್ತಿದ್ದ. ಬಿಸಿಲಿಗೆ ಹಿಡಿದು ಬಿಳುಪು ನೋಡುವುದು, ಬೆರಳ ನಡುವೆ ಹಾಳೆ ಆಡಿಸಿ ಗಟ್ಟಿಯೋ ಲಡ್ಡೋ ಎಂದು ನೋಡುವುದು, ಮೂಸುವುದು... ಊರವರು ನಗುತ್ತಿದ್ದರು.

ಹೊನ್ನವ್ವ ಮಾತ್ರ ನಗಲಿಲ್ಲ. ಮರುವಾರ ಅವನು ಇನ್ನೆರಡು ಪುಸ್ತಕ ತಂದಾಗ ತಾನೇ ಕೇಳಿದಳು.

“ಇದಕ್ಕ ಯಾವ ದರ್ಜೆ ಕೊಟ್ರಿ?”

“ನಡುವಿಂದು. ಬಣ್ಣ ಚಲೋ ಐತಿ, ಆದ್ರ ಬೆನ್ನು ಬಿಚ್ಚೇತಿ. ಅಂಟಿಗೆ ಮೈಲುತುತ್ತ ಹಾಕಬ್ಯಾಡ್ರಿ. ಹುಳ ಬರೂದಿಲ್ಲ ಖರೇ, ಆದ್ರ ಚಿತ್ರ ಹಸುರಾಗ್ತಾವ.”

“ಹಂಗಾದ್ರ ಅಕ್ಕಿ ಗಂಜಿ ಮಾಡ್ತೀನಿ. ಹರಿದಲ್ಲಿ ಗಾಳಿಪಟದ ತೆಳ್ಳನ ಕಾಗದ ಹಚ್ಚಿದ್ರ ನಡೀತದೇನ್ರಿ?”

ಈಶಪ್ಪ ಕಣ್ಣರಳಿಸಿ ಅವಳನ್ನು ನೋಡಿದ. ಆ ನೋಟಕ್ಕೆ ಹೊನ್ನವ್ವನ ಎದೆ ಡವಡವ ಅಂದಿತು. ಅಲ್ಲಿಗೆ ಮುಗಿಯಿತು ನೋಡಿ! ಆಮೇಲೆ ವಾರ ಎಂದರೆ ಈಶಪ್ಪ ಬರುವ ವಾರ, ಉಳಿದ ದಿನಗಳಿಗೆ ಹೆಸರೇ ಇರಲಿಲ್ಲ. ಅವನು ಕಥೆ ಹೇಳುತ್ತಿದ್ದ, ಅವಳು ಹರಿದ ಹಾಳೆ ಕೂಡಿಸುತ್ತಿದ್ದಳು. ಪ್ರಭುಲಿಂಗಪ್ಪ ಎಲ್ಲ ಕಂಡೂ ಕಾಣದವನಂತೆ ದಾರ ಹೊಸೆಯುತ್ತಿದ್ದ.

ಒಂದು ದಿನ ಈಶಪ್ಪ ಬಟ್ಟೆಯಲ್ಲಿ ಸುತ್ತಿದ ಒಂದು ಹಳೇ ಪುಸ್ತಕ ತಂದ. ಅಂಚೆಲ್ಲ ಮಾಸಿತ್ತು, ತುಂಬ ಪೆನ್ಸಿಲಿನ ಗೀಚು. ತಂತಿ ಪಿನ್ನುಗಳು ತುಕ್ಕು ಹಿಡಿದಿದ್ದವು.

“ಇದಕ್ಕ ಪಿನ್ನು ತಗದು ದಾರ ಹಾಕ್ರಿ, ಅಷ್ಟ. ಮತ್ತೇನೂ ಮಾಡಬ್ಯಾಡ್ರಿ.” ಅವನ ದನಿ ಅಂದು ಯಾಕೋ ಮೆತ್ತಗಿತ್ತು.

ಹೊನ್ನವ್ವ ಕೇಳಿಸಿಕೊಂಡಳು. ಸ್ಪಷ್ಟವಾಗಿ ಕೇಳಿಸಿಕೊಂಡಳು.

ಆದರೆ ಸಾವಕಾರರೆಲ್ಲ ಹಾಗೇ ಹೇಳುತ್ತಾರಲ್ಲ! ಹೊಲಿದು ಕೊಡು ಸಾಕು ಅನ್ನುತ್ತಾರೆ, ಮೂರೂ ಕಡೆ ಅಂಚು ಸವರಿ ಕನ್ನಡಿಯಂತೆ ಮಾಡಿಕೊಟ್ಟರೆ ಭಲೇ ಅನ್ನುತ್ತಾರೆ. ಹಳೇ ಲೆಕ್ಕದ ಪುಸ್ತಕವಾದರೆ ಅಂಚಿನಲ್ಲಿ ಗುಮಾಸ್ತರು ಗೀಚಿದ ಕೂಡಿಸು ಕಳೆ ಎಲ್ಲ ಉಳಿಯ ಬಾಯಿಗೆ ಹೋಗುವುದೇ ಅವಳು ಕಂಡ ಪದ್ಧತಿ.

‘ಅವರಿಗೆ ಗೊತ್ತಿಲ್ಲದಂಗ ಚಂದ ಮಾಡಿ ಕೊಡ್ತೀನಿ. ನೋಡಿ ಎಷ್ಟ್ ಖುಷಿ ಆಗ್ತಾರೋ!’

ಅಪ್ಪ ಗಜೇಂದ್ರಗಡದ ಸೀರೆ ಅಂಗಡಿಗೆ ಪುಸ್ತಕ ಮುಟ್ಟಿಸಲು ಹೋಗಿದ್ದ ದಿನ ಅವಳು ಆ ಚಿತ್ರಕಥೆಯನ್ನು ಒತ್ತುಹಲಗೆಗಳ ನಡುವೆ ಇಟ್ಟು, ತಿರುಪು ಬಿಗಿದು, ಉಳಿ ಎಳೆದಳು. ಮಾಸಿದ ಅಂಚು ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. ಒಳಗಿನ ಬಣ್ಣ ಹೊಳೆಯಿತು. ಅವಳ ಮುಖವೂ ಹೊಳೆಯಿತು, ಪಾಪ!

ಮರುದಿನ ಈಶಪ್ಪ ಬಂದಾಗ ಅವಳು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಳು.

ಅವನು ಪುಸ್ತಕ ತೆರೆದ. ಒಂದು ಹಾಳೆ ತಿರುವಿದ. ಇನ್ನೊಂದು... ಮತ್ತೊಂದು... ತಟ್ಟನೆ ಕೊನೆಯ ಪುಟ ತೆಗೆದು ನೋಡಿ ಹಾಗೇ ಕಟ್ಟೆಯ ಮೇಲೆ ಕುಸಿದು ಕುಳಿತ.

“ಅಂಚು ಎಲ್ಲಿ, ಪ್ರಭುಲಿಂಗಪ್ಪಾರ?”

ಪ್ರಭುಲಿಂಗಪ್ಪ ಪುಸ್ತಕ ನೋಡಿದ. ಒಮ್ಮೆ ಮಗಳಿದ್ದ ಬಾಗಿಲ ಕಡೆ ನೋಡಿದ. ಅವನಿಗೆ ಎಲ್ಲ ತಿಳಿಯಿತು.

“ನನ್ನ ಕೈತಪ್ಪು, ತಮ್ಮಾ. ರೂಢಿ ಬಿದ್ದ ಕೈ... ಕತ್ತರಿಸಿಬಿಡ್ತು.”

“ಅಂಚಿನಾಗ ನಮ್ಮಣ್ಣ ದ್ಯಾಮಣ್ಣ ಇದ್ದನ್ರಿ...” ಈಶಪ್ಪ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದ. “ಮುಂಬೈ ಗಿರಣ್ಯಾಗ ಇದ್ದಾಗ ನನಗಂತ ಕಳಿಸಿದ ಪುಸ್ತಕ. ಆಗ ನನಗ ಇಂಗ್ಲಿಷ್ ಬರ್ತಿದ್ದಿಲ್ಲ. ಚಿತ್ರದಾಗಿನವರು ಏನಂತಾರ ಅನ್ನೂದನ್ನ ಅಂಚಿನಾಗ ನಮ್ಮ ಮಾತಿನಾಗ ಬರದಿದ್ದ. ಹಡಗದ ನಾವಿಕರೆಲ್ಲ ರೋಣದ ಸಂತ್ಯಾಗ ಮಾತಾಡಿದಂಗ ಮಾತಾಡ್ತಿದ್ರು! ಓದಿ ಓದಿ ನಗ್ತಿದ್ದೆ. ಕಡೀ ಪುಟ ಒಂದು ಉಳಿದಿತ್ತು, ಅಷ್ಟ್ರಾಗ ಅಣ್ಣ ಹೋದ ಅಂತ ತಾರು ಬಂತು. ಅದನ್ನೂ ಓದಿದ್ರ ಅಣ್ಣನ ಮಾತ ಮುಗದು ಹೋಗ್ತಾವಲ್ಲ ಅಂತ... ಇವತ್ತಿನತನಕ ಓದೇ ಇಲ್ರಿ.”

ಬಾಗಿಲ ಮರೆಯಲ್ಲಿ ಹೊನ್ನವ್ವ ಎಲ್ಲ ಕೇಳಿಸಿಕೊಂಡಳು. ‘ಹೋಗು! ಹೋಗಿ ನಾ ಮಾಡೀನಿ ಅನ್ನು!’ ಮನಸ್ಸು ಚೀರುತ್ತಿತ್ತು. ಅವಳು ಮಾತ್ರ ಮರೆಗೆ ಇನ್ನಷ್ಟು ಸರಿದಳು.

“ಪುಸ್ತಕ ಇಲ್ಲೇ ಇರಲಿ. ಅವ್ವಗ ತೋರಿಸಾಕ ನನಗ ಧೈರ್ಯ ಇಲ್ಲ,” ಎಂದು ಹೇಳಿ ಅವನು ಹೊರಟುಹೋದ.

ಅಪ್ಪ “ಕೈ ತೊಳಕೊಂಡು ಉಣ್ಣು ಬಾ” ಎಂದ ಅಷ್ಟೇ. ಬೈದಿದ್ದರೆ ಎಷ್ಟೋ ಚಲೋ ಇತ್ತು!

ಹೊನ್ನವ್ವ ಉಣ್ಣಲಿಲ್ಲ. ಕತ್ತರಿಸಿದ ಚೂರುಗಳ ಚೀಲ ಹುಡುಕಿದಳು. ಚೀಲ ಇರಲಿಲ್ಲ. ಸೂಡಿ ಊರಿನ ದಾರಿಯಲ್ಲಿದ್ದ ಹುಚ್ಚವ್ವ ಬೆಳಿಗ್ಗೆಯೇ ಒಯ್ದಿದ್ದಳು. ಆ ಮುದುಕಿ ರದ್ದಿ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ಕುಟ್ಟಿ, ಬಿದಿರ ಬುಟ್ಟಿಗಳಿಗೆ ಮೆತ್ತಿ ಮಾರುವವಳು.

ಹೊನ್ನವ್ವ ಸೆರಗು ಬಿಗಿದು ಓಡಿದಳು.

“ಯವ್ವಾ, ನಿಲ್ಲಸ! ಕುಟ್ಟಬ್ಯಾಡ!”

“ಅಯ್ಯ, ನಿನಗೇನ್ ಬಡದೈತವ್ವಾ! ಅರ್ಧ ಕುಟ್ಟಿ ಬುಟ್ಟಿಗೆ ಮೆತ್ತೇನಿ. ಉಳಿದಿದ್ದು ಗಡಗ್ಯಾಗ ಐತಿ ನೋಡು.”

ಹೊನ್ನವ್ವ ಗಡಿಗೆಯ ನೀರಿಗೆ ಕೈ ಹಾಕಿ ಒಂದೊಂದೇ ಚೂರು ಎತ್ತಿದಳು. ಪೆನ್ಸಿಲ್ ಗೀಚು ನೀರಿಗೆ ಹೋಗಿರಲಿಲ್ಲ! ಅಳುತ್ತಲೇ ಹಂಚಿನ ಮೇಲೆ ಬಿಸಿಲಿಗೆ ಹರಡಿದಳು. ಬುಟ್ಟಿಗೆ ಮೆತ್ತಿದ್ದನ್ನೂ ಉಗುರಿನಿಂದ ಕೆರೆದು ನೋಡಿದಳು. ಅದು ಬೂದು ಬಣ್ಣದ ಹಿಟ್ಟಾಗಿತ್ತು.

ಆಮೇಲಿನ ದಿನಗಳಲ್ಲಿ ಅವಳಿಗೆ ಅದೇ ಕೆಲಸ. ಓದಲು ಬಾರದವಳು ಯಾವ ಚೂರು ಯಾವ ಪುಟದ್ದೆಂದು ಹೇಗೆ ತಿಳಿದಾಳು? ಚಿತ್ರದ ಗೆರೆ ಎಲ್ಲಿ ತುಂಡಾಗಿದೆ, ಕಲೆ ಎಲ್ಲಿಂದ ಎಲ್ಲಿಗೆ ಹರಿದಿದೆ ಎಂದು ಕಣ್ಣಿಗೆ ಹಚ್ಚಿ ನೋಡಿ ನೋಡಿ ಕೂಡಿಸಿದಳು. ಕೆಲವು ಚೂರು ಸಿಗಲಿಲ್ಲ, ಕೊನೆಯ ಪುಟದ್ದಂತೂ ಒಂದೂ ಸಿಗಲಿಲ್ಲ.

ಇತ್ತ ಪ್ಯಾಟಿಯಲ್ಲಿ ಮಾತು ಹಬ್ಬಿತ್ತು. ಪ್ರಭುಲಿಂಗಪ್ಪನ ಕಣ್ಣು ಹೋಗಿದೆ, ಕೈ ನಡುಗುತ್ತದೆ! ದೀಪಾವಳಿ ಹತ್ತಿರ ಬಂದರೂ ಸಾವಕಾರರು ಈ ಕಡೆ ಸುಳಿಯಲಿಲ್ಲ, ಪುಸ್ತಕಗಳನ್ನು ಗದಗಿಗೆ ಕಳಿಸಿದರು. ಅಪ್ಪ ಖಾಲಿ ಅಂಗಡಿಯಲ್ಲಿ ಕುಳಿತು, ಹರಿತವಾಗಿಯೇ ಇದ್ದ ಉಳಿಯನ್ನು ಮತ್ತೆ ಮಸೆಯುತ್ತಿದ್ದ. ಆ ಸದ್ದು ಕೇಳಿದಾಗೆಲ್ಲ ಹೊನ್ನವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

‘ನನ್ನಿಂದ... ಎಲ್ಲಾ ನನ್ನಿಂದ. ಅವರಿಗೆ ಅಣ್ಣನ ಮಾತಿಲ್ಲ, ಅಪ್ಪಗ ಮಾನ ಇಲ್ಲ. ನಾ ಬಾಯಿ ಮುಚ್ಚಿಕೊಂಡು ಕುಂತೀನಿ!’

ಈಶಪ್ಪ ನರಗುಂದದಲ್ಲಿ, ಹತ್ತಿ ಬೀಜ ಬಿಡಿಸುವ ಜಿನ್ನಿನಲ್ಲಿ ಇದ್ದಾನೆಂದು ತಿಳಿಯಿತು. ಹುಚ್ಚವ್ವ ಬುಟ್ಟಿ ಮಾರಲು ನರಗುಂದದ ಸಂತೆಗೆ ಹೊರಟ ದಿನ ಹೊನ್ನವ್ವ ಪುಸ್ತಕ ಎದೆಗವಚಿಕೊಂಡು ಅದೇ ಬಸ್ಸು ಹತ್ತಿದಳು. ಅಪ್ಪನಿಗೆ ಹೇಳಿಯೇ ಹೊರಟಿದ್ದಳು. ಅವನು ಬೇಡವೆನ್ನಲಿಲ್ಲ.

ನರಗುಂದದ ಗುಡ್ಡದ ಕೆಳಗೆ, ಜಿನ್ನಿನ ಅಂಗಳದಲ್ಲಿ ಹತ್ತಿ ರಾಶಿ ಬಿದ್ದಿತ್ತು. ಈಶಪ್ಪ ಒಂದು ಹಿಡಿ ಹತ್ತಿ ಬಿಸಿಲಿಗೆ ಹಿಡಿದು ನಿಂತಿದ್ದ. ಅವಳನ್ನು ಕಂಡೊಡನೆ ಅವನ ಕೈಯಲ್ಲಿದ್ದದ್ದು ಕೆಳಗೆ ಬಿತ್ತು.

“ಹೊನ್ನವ್ವಾ! ನೀ... ಇಲ್ಲಿ?”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಅಪ್ಪ ಅಲ್ರಿ. ನಾ ಕತ್ತರಿಸಿದೆ. ನೀವು ಬ್ಯಾಡ ಅಂದಿದ್ದು ಕೇಳಿದ್ದೆ, ಕೇಳಿಯೂ ಕತ್ತರಿಸಿದೆ. ಚಂದ ಆಗ್ತದ, ನೀವು ನನ್ನ ಹೊಗಳ್ತೀರಿ ಅಂತ... ಅವತ್ತು ಬಾಗಲ ಹಿಂದ ನಿಂತು ಎಲ್ಲಾ ಕೇಳಿದೆ. ಹೊರಗ ಬರಾಕ ಧೈರ್ಯ ಆಗಲಿಲ್ಲ. ನನಗೇನರ ಅನ್ರಿ. ಪ್ಯಾಟ್ಯಾಗ ಮಾತ್ರ ನಮ್ಮಪ್ಪನ ಹೆಸರು ತಗೀಬ್ಯಾಡ್ರಿ!”

ಈಶಪ್ಪ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದ. ಕತ್ತರಿಸಿದ ಅಂಚುಗಳು ತೆಳ್ಳನೆಯ ಕಾಗದದ ಮೇಲೆ ಮರಳಿ ಬಂದಿದ್ದವು. ಕೆಲವು ಸೊಟ್ಟಗೆ, ಕೆಲವು ಅರ್ಧ, ಕೆಲವು ಕಡೆ ಬರೀ ಬಿಳಿ. ಒಂದು ಕಡೆ ತುಟಿ ಅಲ್ಲಾಡಿಸಿ ಓದಿದ, ಫಕ್ಕನೆ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

“ಬಿಟ್ಟುಹೋದದ್ದು ಬಾಯಿಪಾಠ ಐತಿ, ತುಂಬತೀನಿ. ಹೊನ್ನವ್ವಾ... ಪ್ಯಾಟ್ಯಾಗ ಆ ಮಾತು ಹಬ್ಬಿಸಿದಾಂವ ನಾನ. ನಿಮ್ಮಪ್ಪಾರ ಕೈ ಮೊದಲಿನಂಗಿಲ್ಲ ಅಂತ ಸಿಟ್ಟಿನಾಗ ಅಡತಿ ಅಂಗಡ್ಯಾಗ ಕುಂತು ಅಂದೆ. ಒಂದು ಮಾತು, ಅಷ್ಟ. ಸಾವಕಾರರೆಲ್ಲ ಹಿಡಕೊಂಡ್ರು. ಅವತ್ತಿಂದ ನನಗೂ ಅನ್ನ ಸೇರವಲ್ದು. ನಿಮ್ಮ ಅಂಗಡಿ ಮುಂದ ಯಾವ ಮುಖ ಹೊತ್ತು ಬರಲಿ ಅಂತ ಇಲ್ಲಿ ಬಂದು ಅಡಗೀನಿ.”

ಹೊನ್ನವ್ವ ತಲೆಯೆತ್ತಿದಳು. ಅವನಿಗೆ ತನ್ನಿಂದ ಅನ್ಯಾಯವಾಯಿತೆಂದು ತಾನು ಅಲ್ಲಿ ಅಳುತ್ತಿದ್ದರೆ, ಇವನು ಇಲ್ಲಿ ತನ್ನ ತಪ್ಪಿಗೆ ಒದ್ದಾಡುತ್ತಿದ್ದ!

“ಹಂಗಾದ್ರ... ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?”

“ಐತಿ. ಸುಳ್ಳ ಯಾಕ ಹೇಳಲಿ? ಆದ್ರ ಸಿಟ್ಟಿಗಿಂತ ನೀ ಇಲ್ಲದ ವಾರಗಳು ಭಾಳ ತ್ರಾಸ ಕೊಟ್ಟಾವು. ನಾಳೆ ನಿಮ್ಮಪ್ಪಾರ ಕಾಲು ಹಿಡೀತೀನಿ. ಪ್ಯಾಟ್ಯಾಗ ಆಡಿದ ಮಾತು ಪ್ಯಾಟ್ಯಾಗ ನಿಂತು ಹಿಂದ ತಗೋತೀನಿ.”

“ಆವಾಗ ಕತ್ತರಿಸಿದಾಕಿ ನಾನು ಅಂತ ನಾ ಹೇಳ್ತೀನಿ. ನಿಮ್ಮ ಬಾಜೂಕ ನಿಂತು,” ಅಂದಳು ಹೊನ್ನವ್ವ. ಆಮೇಲೆ ಅವಳ ದನಿ ಕುಗ್ಗಿತು. “ಈಶಪ್ಪಾರ... ಕಡೀ ಪುಟದ್ದು ಸಿಗಲಿಲ್ರಿ. ಎಷ್ಟ್ ಹುಡುಕಿದ್ರೂ ಸಿಗಲಿಲ್ಲ. ನಿಮ್ಮಣ್ಣಾರು ಏನ್ ಬರದಿದ್ರೋ... ಅದನ್ನ ನಾ ಎಲ್ಲಿಂದ ತಂದು ಕೊಡಲಿ?”

ಅವನು ಕೊನೆಯ ಪುಟ ತೆರೆದ. ಅಂಚಿಗೆ ಅವಳು ಬರೀ ಬಿಳಿ ಕಾಗದ ಹಚ್ಚಿದ್ದಳು. ಚಿತ್ರದಲ್ಲಿ ಸಮುದ್ರದ ದಂಡೆ, ಒಬ್ಬ ಹುಡುಗಿ, ದೋಣಿಯ ಮೇಲೆ ಒಂದು ಕಾಲಿಟ್ಟು ಹಿಂತಿರುಗಿ ನೋಡುತ್ತಿರುವ ನಾವಿಕ.

“ಇಂಗ್ಲಿಷ್‌ನ್ಯಾಗ ಏನೈತ್ರಿ?”

“ಈಗ ಓದಾಕ ಬರ್ತದ. ಓದೂದಿಲ್ಲ. ಅದು ನಮ್ಮ ಮಾತಲ್ಲ.” ಅವನು ಅಲ್ಲೇ ಹತ್ತಿ ತುಂಬಿದ ಅಂಡಿಗೆಯ ಮೇಲೆ ಕುಳಿತು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ. “ನೀ ಹೇಳು. ಈ ಹುಡುಗಿ ಅವಂಗ ಏನಂತಾಳ?”

“ನಾನಾ? ನನಗ ಓದಾಕ ಬರೂದಿಲ್ರಿ...”

“ಓದಬ್ಯಾಡ. ಅಕಿ ಮುಖ ನೋಡಿ ಹೇಳು.”

ಹೊನ್ನವ್ವ ಚಿತ್ರದ ಮೇಲೆ ಬಗ್ಗಿದಳು. ಎಷ್ಟೋ ಹೊತ್ತು ನೋಡಿದಳು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಸೆರಗಿನಿಂದ ಒತ್ತಿಕೊಂಡಳು.

“ತಪ್ಪು ಮಾಡೀನಿ... ಆದ್ರೂ ನನ್ನ ಬಿಟ್ಟು ಹೋಗಬ್ಯಾಡ, ಅಂತಾಳ್ರಿ.”

ಅವನು ಹುಡುಗಿಯ ಪಕ್ಕದ ಅಂಚಿನಲ್ಲಿ ನಿಧಾನವಾಗಿ ಬರೆದ. ಪೆನ್ಸಿಲ್ ನಿಂತ ಮೇಲೂ ಅವನು ತಲೆ ಎತ್ತಲಿಲ್ಲ.

“ಅದಕ್ಕ ಅಂವ ಏನಂತಾನ್ರಿ?” ಹೊನ್ನವ್ವನ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಈಶಪ್ಪ ಅವನ ಮಾತನ್ನೂ ಬರೆದ. ಬರೆದು, ಅವಳ ಬೆರಳು ಹಿಡಿದು ಒಂದೊಂದು ಅಕ್ಷರದ ಮೇಲೆ ಆಡಿಸುತ್ತ ಓದಿ ಹೇಳಿದ.

“ದೋಣ್ಯಾಗ ಇಬ್ಬರಿಗೆ ಜಾಗ ಐತಿ. ಬಾ.”