ತಿದಿ ಒತ್ತಿದವರ ಸಿಂಹಾಸನ

ಮೋಡಗಳಿಗೆ ಇನ್ನೂ ಮೆಟ್ಟಿಲುಗಳಿದ್ದ ಕಾಲದಲ್ಲಿ, ಆ ಮೆಟ್ಟಿಲುಗಳ ತುದಿಗೆ ಮುಗಿಲೂರು ಎಂಬ ರಾಜ್ಯವಿತ್ತು. ಅದನ್ನು ನೀಲಾಂಬೆ ಎಂಬ ರಾಣಿ ಆಳುತ್ತಿದ್ದಳು. ಅವಳಿಗೆ ಒಂದು ಗಂಡು ಕೂಸು ಹುಟ್ಟಿತು. ಕೂಸಿನ ಬಲಗಾಲು ಸೊಟ್ಟಗಿತ್ತು. ಕುಂಟ ಕೂತ ಸಿಂಹಾಸನ ಉಳಿಯುವುದಿಲ್ಲ ಎಂದು ಆಸ್ಥಾನದ ಮಾಂತ್ರಿಕ ಕರಾಳಕೇತು ಕಿವಿಯೂದಿದ. ರಾಣಿ ಕಣ್ಣು ಮುಚ್ಚಿಕೊಂಡು ಕೂಸನ್ನು ಮೋಡದ ಅಂಚಿನಿಂದ ಕೆಳಗೆ ಬಿಟ್ಟಳು. ಹೆತ್ತವಳು ಹಾಗೂ ಮಾಡುತ್ತಾಳೆಯೇ ಎಂದು ಕೇಳಬೇಡಿ. ಹಿತ್ತಾಳೆ ಕಿವಿಯವರು ಏನು ಬೇಕಾದರೂ ಮಾಡುತ್ತಾರೆ.

ಕೂಸು ಬಿದ್ದದ್ದು ಕೆಂಡಗುಡ್ಡದ ಮೆತ್ತನೆಯ ಬೂದಿಯ ಮೇಲೆ. ಅಲ್ಲಿ ಕುಲುಮೆ ಇಟ್ಟುಕೊಂಡಿದ್ದ ಕೆಂಡವ್ವ ಎಂಬ ಮುದುಕಿ ಮೋಡದ ಅಂಚಿನಲ್ಲಿ ರಾಣಿಯನ್ನು ಕಂಡಳು; ಕೂಸನ್ನೆತ್ತಿ, ಬೂದಿ ಕೊಡವಿ, ಕರಿಹೊನ್ನ ಎಂದು ಹೆಸರಿಟ್ಟು ಸಾಕಿದಳು. ಅವಳಿಗೆ ಜೋಗುಳ ಬಾರದು. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಠಣ್ ಠಣ್ ಎಂದು ಮೆಲ್ಲಗೆ ಬಡಿದು ಮಲಗಿಸುತ್ತಿದ್ದಳು. ಕರಿಹೊನ್ನ ಬೆಳೆದು ಎಂಥ ಕಮ್ಮಾರನಾದನೆಂದರೆ, ಕಬ್ಬಿಣ ಅವನ ಕೈಯಲ್ಲಿ ರೊಟ್ಟಿಯ ಹಿಟ್ಟಿನಂತೆ ಮಣಿಯುತ್ತಿತ್ತು.

ಆ ಕುಲುಮೆಗೆ ಒಂದು ರೀತಿಯಿತ್ತು. ಮಾಡಿಸಿಕೊಳ್ಳಲು ಬಂದವರು ಯಾರೇ ಇರಲಿ, ತಾವೇ ಕೂತು ತೊಗಲಿನ ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕಬೇಕು. ಯಾರ ಗಾಳಿಗೆ ಕಾಯಿತೋ ಅವರ ಮಾತನ್ನೇ ಕಬ್ಬಿಣ ಕೇಳುತ್ತಿತ್ತು. ಅಲ್ಲಿ ಮಾಡಿದ ಕುಡುಗೋಲು ಒಡತಿ ಸಾಕೆಂದರೆ ತಾನೇ ನಿಲ್ಲುತ್ತಿತ್ತು.

ಒಂದು ದಿನ ಕರಾಳಕೇತು ಗುಡ್ಡಕ್ಕೆ ಇಳಿದು ಬಂದ. ಬಂದವನೇ ಕೆಂಡವ್ವನ ಪಾದಗಳ ಮೇಲೆ ಬೂದಿ ಎರಚಿ ಮಂತ್ರ ಹಾಕಿದ. ಪಾದಗಳು ಕಲ್ಲಾದವು. ಕೂತವರು ಏಳಲಾಗದ ಸಿಂಹಾಸನ ತನಗೆ ಬೇಕು, ಅದನ್ನು ಬೆಂಕಿಗೂಳಿಯ ಬಾಯಿಯ ಕೆಂಡದಲ್ಲಿ, ನಿದ್ದೆಗೆಟ್ಟ ಹಾವು ಕಾಯುವ ಕಬ್ಬಿಣದಲ್ಲಿ ಮಾಡಬೇಕು, ಮಾಡಿಕೊಟ್ಟರೆ ಮುದುಕಿಯನ್ನು ಬಿಡಿಸುತ್ತೇನೆ, ತಡವಾದಷ್ಟೂ ಕಲ್ಲು ಮೇಲೇರುತ್ತದೆ ಎಂದ.

ಕೆಂಡವ್ವ ಬೇಡವೆಂದಳು. ಕರಿಹೊನ್ನ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅವ್ವಾ, ನಾನು ಕುಂಟ. ನಿಧಾನ ಆದೀತು. ಆದ್ರೆ ಬರದೇ ಇರಲ್ಲ."

ಕುಂಟುತ್ತ ಹೋದ ಕರಿಹೊನ್ನ ಬೆಂಕಿಗೂಳಿಯ ಕಣಿವೆ ಸೇರಿದ. ಗೂಳಿ ಉರಿ ಉಗುಳುತ್ತ ಮೇಲೇರಿ ಬಂತು. ಎಲ್ಲರೂ ಅದರ ಕೊಂಬು ನೋಡಿದರೆ ಇವನು ಕಾಲು ನೋಡಿದ. ಅದೂ ಕುಂಟುತ್ತಿತ್ತು. ಲಾಳದ ಮೊಳೆ ಗೊರಸಿನೊಳಗೆ ಸೊಟ್ಟಗೆ ಹೊಕ್ಕಿತ್ತು. ಮೈ ಸುಟ್ಟರೂ ಹಿಂಜರಿಯದೆ ಇಕ್ಕಳ ಹಾಕಿ ಕಿತ್ತ. ಗೂಳಿ ಬಾಯ್ದೆರೆದು ಕೆಂಡ ಕೊಟ್ಟಿತು. ಕುಂಟುತ್ತ ತಿರುಗಿ ಬಂದ. ಅಷ್ಟರಲ್ಲಿ ಕಲ್ಲು ಕೆಂಡವ್ವನ ಮೊಣಕಾಲಿಗೆ ಬಂದಿತ್ತು.

ಕುಂಟುತ್ತ ಹೋದ ಕರಿಹೊನ್ನ ಹಾವಿನ ಗವಿ ಸೇರಿದ. ಯಾವ ಪುಂಗಿಗೂ ಮಣಿಯದ ಹಾವು ಕಬ್ಬಿಣದ ಸುತ್ತ ಸುತ್ತಿಕೊಂಡಿತ್ತು. ಇವನು ದೂರ ಕೂತು ಬಂಡೆಯ ಮೇಲೆ ಠಣ್ ಠಣ್ ಎಂದು ಬಡಿಯತೊಡಗಿದ. ಕೈ ಸೋತಿತು. ನಿಲ್ಲಿಸಲಿಲ್ಲ. ಕೊನೆಗೆ ಹಾವು ಹೆಡೆ ಮಡಚಿ ಕೂಸಿನಂತೆ ಮಲಗಿತು. ಕಬ್ಬಿಣ ಹೊತ್ತು ಕುಂಟುತ್ತ ತಿರುಗಿ ಬಂದ. ಅಷ್ಟರಲ್ಲಿ ಕಲ್ಲು ಸೊಂಟಕ್ಕೆ ಬಂದಿತ್ತು.

ಮೂರನೆಯದು ಸಿಂಹಾಸನದ ಕೆಲಸ. ಮಾಡಿಸುವವರೇ ತಿದಿ ಒತ್ತುವುದು ಇಲ್ಲಿಯ ರೀತಿ, ಯಾರು ಒತ್ತುವರೋ ಕಬ್ಬಿಣ ಅವರದು ಎಂದು ಕರಿಹೊನ್ನ ಮುಚ್ಚುಮರೆಯಿಲ್ಲದೆ ಹೇಳಿದ. ಕರಾಳಕೇತು ತನ್ನ ಉಂಗುರದ ಕೈಗಳನ್ನು ನೋಡಿಕೊಂಡು ನಕ್ಕ. ಮಸಿ ಕೆಲಸ ತನ್ನಂಥವನಿಗಲ್ಲ, ಮುದುಕಿಗೆ ಕೈಗಳು ಇನ್ನೂ ಇವೆಯಲ್ಲ, ಅವಳೇ ಒತ್ತಲಿ ಎಂದ. ಕೆಂಡವ್ವ ಒತ್ತಿದಳು. ಕರಿಹೊನ್ನ ಬಡಿದ. ಸಿಂಹಾಸನ ಸಿದ್ಧವಾಯಿತು.

ಮಾಂತ್ರಿಕ ಕೊಟ್ಟ ಮಾತನ್ನು ಅಲ್ಲೇ ನುಂಗಿದ. ಮುದುಕಿಯನ್ನು ಬಿಡಿಸುವ ಬದಲು, ಎಲ್ಲರನ್ನೂ ಸಿಂಹಾಸನದ ಸಮೇತ ಮುಗಿಲೂರಿಗೆ ಹಾರಿಸಿಕೊಂಡು ಹೋದ. ಉಡುಗೊರೆಯೆಂದು ನಂಬಿ ನೀಲಾಂಬೆ ಕೂತಳು. ಕಬ್ಬಿಣದ ಕೈಗಳು ಅವಳನ್ನು ಬಿಗಿಯಾಗಿ ಹಿಡಿದವು. ಕರಾಳಕೇತು ಅವಳ ಕಿರೀಟವನ್ನು ಕಿತ್ತು ತಾನಿಟ್ಟುಕೊಂಡು, ಅವಳ ಉಸಿರು ನಿಲ್ಲುವವರೆಗೆ ಹಿಸುಕು ಎಂದು ಸಿಂಹಾಸನಕ್ಕೆ ಅಪ್ಪಣೆ ಮಾಡಿದ. ಅದು ಕಿವುಡನಂತೆ ಸುಮ್ಮನಿತ್ತು.

ಎದೆಯವರೆಗೆ ಕಲ್ಲಾಗಿದ್ದ ಕೆಂಡವ್ವ ಮಗನ ಕಡೆ ತಿರುಗಿದಳು.

"ನಿನ್ನ ಎಸೆದೋಳು ಇವಳೇ ಕಣೋ ಮಗಾ. ಕಬ್ಬಿಣ ನನ್ನ ಮಾತು ಕೇಳ್ತದೆ. ಏನು ಹೇಳ್ಲಿ?"

ರಾಣಿ ಅವನ ಸೊಟ್ಟ ಕಾಲನ್ನು ನೋಡಿದಳು. ನೋಡಿ ತಲೆ ತಗ್ಗಿಸಿದಳು. ಕರಿಹೊನ್ನನಿಗೆ ಸಿಟ್ಟು ಬಂದಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೂ ಅವನು ಅವ್ವನ ಕಡೆ ತಿರುಗಿದ.

"ಬಿಡು ಅನ್ನವ್ವ. ಬೀಳೋದು ಹೇಗಿರ್ತದೆ ಅಂತ ನನಗೆ ಗೊತ್ತು. ನನ್ನ ಕೈಯಿಂದ ಯಾರೂ ಹಾಗೆ ಬೀಳೋದು ಬೇಡ."

ಕೆಂಡವ್ವ ಬಿಡು ಎಂದಳು. ಕಬ್ಬಿಣ ರಾಣಿಯನ್ನು ಬಿಟ್ಟಿತು. ಅವನನ್ನು ಹಿಡಿ ಎಂದಳು. ಕರಾಳಕೇತುವನ್ನು ಕಿರೀಟದ ಸಮೇತ ಎಳೆದು ಕೂರಿಸಿಕೊಂಡಿತು. ಅವನು ಬೈದ, ಬೆದರಿಸಿದ, ಆಮೇಲೆ ಬೇಡಿಕೊಂಡ. ಮಂತ್ರವನ್ನು ಹಿಂದಕ್ಕೆ ತೆಗೆದುಕೊಂಡ ಮೇಲೂ ಸಿಂಹಾಸನ ಅವನನ್ನು ಬಿಡಲಿಲ್ಲ. ಕೆಂಡವ್ವನ ಮೈಯಿಂದ ಕಲ್ಲು ಹೊಟ್ಟಿನಂತೆ ಉದುರಿತು. ಅವಳು ಮಾಡಿದ ಮೊದಲ ಕೆಲಸ ಕಾಲು ಕೆರೆದುಕೊಂಡದ್ದು.

ನೀಲಾಂಬೆ ಮಗನಿಗೆ ಅರ್ಧ ರಾಜ್ಯ ಕೊಡಹೋದಳು. ಅವನು ಬೇಡವೆಂದು ಅವ್ವನೊಂದಿಗೆ ಗುಡ್ಡಕ್ಕೆ ಇಳಿದ.

ಕೆಲವು ದಿನಗಳ ಮೇಲೆ ರಾಣಿ ಒಬ್ಬಳೇ, ಪಲ್ಲಕ್ಕಿಯಿಲ್ಲದೆ, ಮೋಡದ ಮೆಟ್ಟಿಲು ಇಳಿದು ಕುಲುಮೆಯ ಬಾಗಿಲಿಗೆ ಬಂದಳು. ತನಗೊಂದು ಕಬ್ಬಿಣದ ಕೆಲಸ ಆಗಬೇಕು ಎಂದಳು. ಏನು ಎಂದು ಕೆಂಡವ್ವ ಕೇಳಿದಳು. ಸೊಟ್ಟ ಕಾಲಿಗೆ ಆಸರೆಯಾಗುವ ಒಂದು ಕಟ್ಟು ಎಂದಳು. ಕೆಂಡವ್ವ ತಿದಿಯ ಕಡೆ ಕೈ ತೋರಿಸಿದಳು. ರಾಣಿ ಸೆರಗು ಬಿಗಿದು ಕೂತು ಒತ್ತಿದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದವು, ಮುಖ ಮಸಿಯಾಯಿತು. ಏಳಲಿಲ್ಲ. ಕರಿಹೊನ್ನ ತಲೆಯೆತ್ತದೆ ಬಡಿಯುತ್ತಿದ್ದ.

ಕಟ್ಟು ತಣ್ಣಗಾದ ಮೇಲೆ ಅವನು ಅದನ್ನು ಕಾಲಿಗೆ ಹಾಕಿಕೊಂಡು ಎದ್ದ. ಕಬ್ಬಿಣ ತನ್ನ ಒಡತಿಯ ಅಪ್ಪಣೆಗೆ ಕಾದಿತ್ತು. ನೀಲಾಂಬೆ ಬಗ್ಗಿ ಎರಡೂ ಕೈಯಿಂದ ಅದನ್ನು ಮುಟ್ಟಿದಳು.

"ಹಿಡಿದುಕೋ," ಎಂದಳು, "ಬಿಡಬೇಡ."

ಅಂದಿನಿಂದ ಕರಿಹೊನ್ನ ಕುಂಟಲಿಲ್ಲ. ಕುಲುಮೆಯಲ್ಲಿ ಅವನಿಗೆ ಇಬ್ಬರು ತಾಯಂದಿರು, ಗುಡ್ಡದ ಜನಕ್ಕೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಮೇಲೆ ಗುಡುಗು ಕೇಳಿದರೆ ಹೆದರಬೇಡಿ. ಸಿಂಹಾಸನದಿಂದ ಏಳಲಾಗದವನು ಇನ್ನೂ ಗೊಣಗುತ್ತಿದ್ದಾನೆ, ಅಷ್ಟೇ.