ಅಪ್ಪಲನಾಯ್ಡು ಅವರ ಬಲಭುಜ

ಹಾಸನದವಳಾದ ನಾನು ವಿಶಾಖಪಟ್ಟಣದಲ್ಲಿ ಫಿಸಿಯೋಥೆರಪಿಸ್ಟ್. ಮೇ ತಿಂಗಳ ಒಂದು ಮಧ್ಯಾಹ್ನ ನಿವೃತ್ತ ಯೋಧ ಅಪ್ಪಲನಾಯ್ಡು ಭುಜನೋವೆಂದು ಬಂದರು. ಆ ಸೆಕೆಯಲ್ಲೂ ಅವರ ಬಲಭುಜ ಮಾತ್ರ ಮಂಜಿನಂತೆ ಕೊರೆಯುತ್ತಿತ್ತು. ನನ್ನ ಊರು ಹಾಸನವೆಂದು ತಿಳಿದದ್ದೇ ಕನ್ನಡದಲ್ಲಿ ಮಾತಿಗಿಳಿದರು.

"ಗಡಿಯಲ್ಲಿ ನಮ್ಮವರು ನಾಲ್ವರು ಬಂಕರಿನಲ್ಲಿ ಸಿಕ್ಕಿಬಿದ್ದಿದ್ದರಮ್ಮ. ಗುಂಡಿನ ಸುರಿಮಳೆಯಲ್ಲೇ ಒಬ್ಬೊಬ್ಬರನ್ನಾಗಿ ಹೊತ್ತು ತಂದೆ. ಮೂವರು ಬದುಕಿದರು. ಕೊನೆಯವನು ಈ ಭುಜದ ಮೇಲೇ ಪ್ರಾಣ ಬಿಟ್ಟ. ನಿಮ್ಮ ಹಾಸನದವನೇ. ನನಗೆ ಕನ್ನಡ ಕಲಿಸಿದವನು."

ತೂಕ ನೋಡಲು ಯಂತ್ರದ ಮೇಲೆ ನಿಲ್ಲಿಸಿದೆ. ಐವತ್ತು ಕಿಲೋ ಇರಬಹುದಾದ ಬಡಕಲು ದೇಹ. ಮುಳ್ಳು ನೂರಹದಿನೆಂಟಕ್ಕೆ ಹೋಯಿತು.

"ಯಂತ್ರ ಕೆಟ್ಟಿರಬೇಕು ಸರ್."

"ಇಲ್ಲಮ್ಮ." ಅವರು ಮಲಗಿದ ಮಗುವನ್ನು ಇಳಿಸುವವರಂತೆ ಮೆಲ್ಲಗೆ ಭುಜ ವಾಲಿಸಿದರು. "ಊರಿನವರ ಹತ್ತಿರ ಇರುತ್ತಾನಂತೆ."

ಯಂತ್ರದಿಂದ ಇಳಿದು, ನೆಟ್ಟಗೆ ನಡೆದು ಹೊರಟುಹೋದರು. ಖಾಲಿ ಯಂತ್ರದ ಮುಳ್ಳು ಅರವತ್ತೆಂಟಕ್ಕೆ ಬಂದು ನಿಂತಿತ್ತು.